ಗುಂಗುರು ಕೂದಲು

ಬಾಗಿದ ಕೂದಲನ್ನು ಹೊಗಳುವುದಕ್ಕೆ ಕನ್ನಡದಲ್ಲಿ ಮಾತುಗಳ ಬಡತನವಿಲ್ಲ. ಕುರುಳು, ಮುಂಗುರುಳು, ಅಳಕ, ಕುಟಿಲಕುಂತಲ ಎಂದು ನಮ್ಮ ಕವಿಗಳು ಹಿಂದಿನಿಂದಲೂ ಅದನ್ನು ಕೊಂಡಾಡುತ್ತ ಬಂದಿರುವರು. ಶ್ರವಣಬೆಳಗೊಳದಲ್ಲಿ ಹತ್ತನೆಯ ಶತಮಾನದ ಕೊನೆಗೆ ಚಾವುಂಡರಾಯನು ನಿಲ್ಲಿಸಿದ ಗೊಮ್ಮಟನ ಶಿರಸ್ಸನ್ನು ಕಂಡವರಿಗೆ, ಶಿಲ್ಪಿಯು ಆ ಕಲ್ಲಿನಲ್ಲಿ ಸಣ್ಣ ಸಣ್ಣ ಸುರುಳಿಗಳನ್ನು ಎಷ್ಟು ತಾಳ್ಮೆಯಿಂದ ಬಿಡಿಸಿರುವನೆಂಬುದು ತಿಳಿದೇ ಇದೆ. ಹೀಗಿದ್ದರೂ ಅದೇ ಸುರುಳಿಯು ಮನೆಯ ಹೆಣ್ಣುಮಗುವಿನ ತಲೆಯಲ್ಲಿ ಕಾಣಿಸಿಕೊಂಡಾಗ ಹೊಗಳಿಕೆಯ ಮಾತೆಲ್ಲವೂ ಮರೆತುಹೋಗುವುದು. "ಇದೇನು ಕೂದಲೋ, ಕಾಗೆಯ ಗೂಡೋ" ಎಂದು ಅಜ್ಜಿಯು ಅನ್ನುವಳು, "ಮದುವೆಯ ಹೊತ್ತಿಗೆ ನೆಟ್ಟಗೆ ಮಾಡಿಸಿದರಾಯಿತು" ಎಂದು ನೆಂಟರು ಸಮಾಧಾನ ಹೇಳುವರು, ಶಾಲೆಯ ಹೊತ್ತಾಯಿತೆಂಬ ಅವಸರದಲ್ಲಿ ತಾಯಿಯು ಒಣ ತಲೆಗೆ ಬಾಚಣಿಗೆಯಿಕ್ಕಿ ಎಳೆಯುವಳು, ಮಗುವು ಅಳುವುದು. ಕಾವ್ಯದಲ್ಲಿ ಚೆಲುವಾದುದು ಮನೆಯಲ್ಲಿ ಕುಂದಾಗುವುದು ಸರಿಯಲ್ಲ. ಆದುದರಿಂದ ಅಂಥ ಕೂದಲಿನ ಸ್ವಭಾವವನ್ನೂ ಅದನ್ನು ಕಾಪಾಡುವ ಬಗೆಯನ್ನೂ ಈ ತಿಂಗಳು ನಾಲ್ಕು ಮಾತುಗಳಲ್ಲಿ ತಿಳಿಸಬೇಕೆಂದಿರುವೆವು.

ಕಾರವಾರ, ಅಂಕೋಲೆಗಳ ಕಡೆಯ ಗೃಹಸ್ಥರಿಗೆ ಈ ವಿಚಾರವು ಎರಡು ಕಾರಣಗಳಿಂದ ಹತ್ತಿರದ್ದು. ಮೊದಲನೆಯದು ಅಲ್ಲಿಯ ಹವೆ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಸಹ್ಯಾದ್ರಿ. ಕಾಳಿ, ಗಂಗಾವಳಿ ನದಿಗಳ ನಡುವಣ ಈ ಪಟ್ಟಿಯಲ್ಲಿ ವರ್ಷಕ್ಕೆ ಸುಮಾರು ೩೦೦೦ ಮಿಲಿಮೀಟರಿನಷ್ಟು ಮಳೆ ಬೀಳುವುದು. ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಸುರಿಯುವುದು. ಉಳಿದ ದಿನಗಳಲ್ಲಿಯೂ ಗಾಳಿಯಲ್ಲಿ ನೀರಿನ ಅಂಶವಿದ್ದೇ ಇರುವುದು. ಎರಡನೆಯದು ಜನ. ಗುಂಗುರು ಕೂದಲು ಈ ಕರಾವಳಿಯಲ್ಲಿ ಇಂಥದೇ ಜಾತಿಯ, ಇಂಥದೇ ಮನೆಯ ಸೊತ್ತಲ್ಲ. ಎಲ್ಲರಲ್ಲಿಯೂ ಅಲ್ಲೊಬ್ಬರು ಇಲ್ಲೊಬ್ಬರು ಕಾಣಸಿಗುವರು. ಅಂಕೋಲೆಯಿಂದ ಯಲ್ಲಾಪುರದ ಕಡೆಗೆ ಘಟ್ಟವನ್ನೇರಿದರೆ ಕಾಡಿನ ಹಳ್ಳಿಗಳಲ್ಲಿ ಸಿದ್ದಿಯರು ನೆಲಸಿರುವರು. ಅವರಲ್ಲಿ ಬಿಗಿಯಾದ ಸುರುಳಿಯೇ ಸಾಮಾನ್ಯ. ಅವರ ಮಾತನ್ನು ಮುಂದೆ ಹೇಳುವೆವು.

ಕೂದಲು ಏಕೆ ಸುರುಳಿಯಾಗುವುದೆಂಬುದನ್ನು ಮೊದಲು ತಿಳಿಯಬೇಕು. ತಲೆಯ ಚರ್ಮದೊಳಗೆ ಒಂದೊಂದು ಕೂದಲಿಗೂ ಒಂದೊಂದು ರೋಮಕೂಪವಿರುವುದು. ಈ ಕೂಪವು ನೆಟ್ಟಗಿದ್ದರೆ ಕೂದಲು ನೆಟ್ಟಗೆ ಬರುವುದು. ಬಾಗಿದ್ದರೆ ಬಾಗಿ ಬರುವುದು. ನೇರವಾದ ಕೂದಲನ್ನು ಅಡ್ಡಲಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಹುಮಟ್ಟಿಗೆ ದುಂಡಾಗಿರುವುದು. ಗುಂಗುರಾದುದು ಮೊಟ್ಟೆಯಂತೆ ಚಪ್ಪಟೆಯಾಗಿರುವುದು. ಎರಡೂ ಕೆರಟಿನ್ ಎಂಬ ಒಂದೇ ದ್ರವ್ಯದಿಂದಾದವು. ಅದರ ಎಳೆಗಳನ್ನು ಗಂಧಕದ ಬಂಧಗಳು ಗಟ್ಟಿಯಾಗಿಯೂ, ಜಲಜನಕದ ಬಂಧಗಳು ಸಡಿಲವಾಗಿಯೂ ಕಟ್ಟಿ ಹಿಡಿದಿರುವುವು. ಈ ಸಡಿಲವಾದ ಬಂಧಗಳು ನೀರು ತಗುಲಿದರೆ ಬಿಡುವುವು, ಒಣಗಿದರೆ ಮರಳಿ ಕೂಡುವುವು. ಮಳೆಗಾಲದಲ್ಲಿ ಗುಂಗುರು ಕೂದಲು ಉಬ್ಬಿ ಕೆದರಿ ನಿಲ್ಲುವುದರ ಗುಟ್ಟು ಇದೇ. ಗಾಳಿಯ ತೇವವನ್ನು ಕೂದಲು ಎಷ್ಟು ಸೂಕ್ಷ್ಮವಾಗಿ ಗ್ರಹಿಸುವುದೆಂದರೆ, ಜಿನೀವಾ ಪಟ್ಟಣದ ಸೊಸ್ಯೂರ್ ಎಂಬ ವಿಜ್ಞಾನಿಯು ೧೭೮೩ರಲ್ಲಿ ಮನುಷ್ಯರ ಕೂದಲನ್ನೇ ಕಟ್ಟಿ ತೇವವನ್ನು ಅಳೆಯುವ ಯಂತ್ರವೊಂದನ್ನು ಪ್ರಕಟಿಸಿದನು. ಹೀಗಿರುವಾಗ ಆಷಾಢದ ಕಾರವಾರದಲ್ಲಿ ಕೂದಲು ಕೆದರಿತೆಂದು ಹುಡುಗಿಯನ್ನು ಗದರಿಸಿ ಫಲವೇನು? ಅದು ತನ್ನ ಧರ್ಮವನ್ನು ತಾನು ನಡೆಸುತ್ತಿರುವುದು, ಅಷ್ಟೆ.

ಇನ್ನು ಕೆಲವು ತಪ್ಪು ತಿಳಿವಳಿಕೆಗಳು. ಮಗುವಿನ ತಲೆಯನ್ನು ಮೂರು ನಾಲ್ಕು ಸಲ ಬೋಳಿಸಿದರೆ ಕೂದಲು ನೆಟ್ಟಗೆ ಬರುವುದೆಂದು ನಂಬುವವರುಂಟು. ಕ್ಷೌರದ ಕತ್ತಿಯು ಚರ್ಮದ ಮೇಲೆ ಆಡುವುದು. ರೋಮಕೂಪವು ಚರ್ಮದ ಒಳಗಿರುವುದು. ಮೇಲಿನ ಪೈರನ್ನು ಕೊಯ್ದ ಮಾತ್ರಕ್ಕೆ ಕೆಳಗಿನ ನೆಲದ ಗುಣವು ಬದಲಾಗದು. ಮಗುವು ದೊಡ್ಡದಾಗುತ್ತ ಬಂದಂತೆ ಕೆಲವರ ಕೂದಲು ತಾನಾಗಿಯೇ ಬದಲಾಗುವುದುಂಟು. ಆ ಕೀರ್ತಿಯನ್ನು ಕತ್ತಿಗೆ ಕೊಡುವುದು ಸಲ್ಲದು. ತಂದೆತಾಯಿಗಳಿಬ್ಬರದೂ ನೇರವಾದ ಕೂದಲಾಗಿದ್ದು ಮಗುವಿನದು ಗುಂಗುರಾದರೆ ಆಶ್ಚರ್ಯಪಡಬೇಕಾದುದೂ ಇಲ್ಲ. ಈ ಗುಣವು ಒಂದೇ ಬೀಜಾಂಶದಿಂದ ಬರುವುದಲ್ಲ. ಹಲವು ಕೂಡಿ ಬರುವುವು. ಒಂದೆರಡು ತಲೆಮಾರು ಅಡಗಿದ್ದು ಮತ್ತೆ ಕಾಣಿಸುವುದೂ ಉಂಟು.

ಗುಂಗುರು ಕೂದಲು ಸೆಕೆಯ ನಾಡಿಗೆ ತಕ್ಕುದಲ್ಲವೆಂಬುದು ಇನ್ನೊಂದು ಮಾತು. ಸಂಗತಿಯು ಇದಕ್ಕೆ ವಿರೋಧವಾಗಿದೆ. ಅಮೇರಿಕೆಯ ಸಂಶೋಧಕರು ಮನುಷ್ಯಾಕಾರದ ಗೊಂಬೆಯೊಂದಕ್ಕೆ ಬಗೆಬಗೆಯ ಕೂದಲಿನ ಟೋಪನ್ನು ತೊಡಿಸಿ, ಬಿಸಿಲಿನಂಥ ದೀಪದ ಕೆಳಗೆ ನಿಲ್ಲಿಸಿ, ನೆತ್ತಿಗೆ ತಗುಲುವ ಕಾವನ್ನು ಅಳೆದರು. ೨೦೨೩ರಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ, ಎಲ್ಲ ಬಗೆಯ ಕೂದಲೂ ಬಿಸಿಲನ್ನು ತಡೆಯುವುದಾದರೂ ಬಿಗಿಯಾದ ಸುರುಳಿಯೇ ಎಲ್ಲಕ್ಕಿಂತ ಚೆನ್ನಾಗಿ ತಡೆಯಿತು. ಸುರುಳಿಗಳ ನಡುವೆ ಗಾಳಿಯು ನಿಂತು ಮಾಡಿನಂತೆ ನೆರಳು ಕೊಡುವುದೆಂದು ತಿಳಿಯಬಹುದು. ಉರಿಬಿಸಿಲಿನಲ್ಲಿ ಗದ್ದೆಯ ಕೆಲಸ ಮಾಡುವವರಿಗೆ ಇದು ಸಣ್ಣ ಉಪಕಾರವಲ್ಲ.

ಈಗ ಕೂದಲನ್ನು ನೇರ ಮಾಡುವ ಉಪಾಯಗಳನ್ನು ವಿಚಾರಿಸುವ. ಕಾಯಿಸಿದ ಇಕ್ಕಳದಿಂದ ಒತ್ತಿದರೆ ಸಡಿಲವಾದ ಬಂಧಗಳು ಮಾತ್ರ ಬದಲಾಗುವುವು. ಒಂದು ಮಳೆಗೆ, ಒಂದು ಸ್ನಾನಕ್ಕೆ ಸುರುಳಿಯು ಮರಳಿ ಬರುವುದು. ದಿನವೂ ಕಾಯಿಸಿದರೆ ಕೂದಲು ಸೀದು ತುಂಡಾಗುವುದು. ಪಟ್ಟಣದ ಅಲಂಕಾರಶಾಲೆಗಳಲ್ಲಿ ಮಾಡುವ ರಾಸಾಯನಿಕ ಕ್ರಮಗಳಲ್ಲಿ ಕೆಲವು ಗಂಧಕದ ಬಂಧಗಳನ್ನೇ ಒಡೆಯುವುವು. ಹಾಗೆ ಮಾಡಿದ ಕೂದಲು ಮತ್ತೆ ಸುರುಳಿಯಾಗದು, ನಿಜ. ಆದರೆ ಬುಡದಿಂದ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಹೊಸ ಕೂದಲು ಗುಂಗುರಾಗಿಯೇ ಹುಟ್ಟುತ್ತಿರುವುದು. ಆದುದರಿಂದ ಈ ಕೆಲಸವು ಒಮ್ಮೆಗೆ ಮುಗಿಯುವುದಲ್ಲ. ವರುಷ ವರುಷವೂ ಹಣವನ್ನು ಬೇಡುವುದು.

ಹಣಕ್ಕಿಂತ ಹೆಚ್ಚಿನ ನಷ್ಟವೂ ಇರಬಹುದು. ಕೂದಲನ್ನು ನಯಮಾಡುವ ಕೆಲವು ದ್ರವಗಳಿಂದ ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಎಂಬ ವಿಷವಾಯುವು ಹೊರಡುವುದು; ಇದು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ವಿಭಾಗವು ೨೦೦೪ರಲ್ಲಿಯೇ ನಿರ್ಣಯಿಸಿತು. ಅಮೇರಿಕೆಯಲ್ಲಿ ೩೩,೪೯೭ ಮಂದಿ ಹೆಂಗಸರನ್ನು ಸುಮಾರು ಹನ್ನೊಂದು ವರ್ಷಗಳ ಕಾಲ ವಿಚಾರಿಸುತ್ತ ಬಂದು ೨೦೨೨ರಲ್ಲಿ ಪ್ರಕಟಿಸಿದ ವರದಿಯೊಂದಿದೆ. ಕೂದಲನ್ನು ನೇರಮಾಡುವ ಮದ್ದನ್ನು ಮುಟ್ಟದವರಲ್ಲಿ ೭೦ನೆಯ ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರು ಬರುವ ಸಂಭವವು ನೂರಕ್ಕೆ ೧.೬೪ ಎಂದೂ, ವರುಷದಲ್ಲಿ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ ೪.೦೫ ಎಂದೂ ಆ ವರದಿಯು ಲೆಕ್ಕ ಹಾಕಿತು. ಮದ್ದೇ ರೋಗಕ್ಕೆ ಕಾರಣವೆಂದು ಇದರಿಂದ ಪೂರ್ತಿಯಾಗಿ ಸಿದ್ಧವಾಗದು. ಆದರೆ ಎಚ್ಚರಿಕೆಗೆ ಇಷ್ಟು ಸಾಕು. ಫಾರ್ಮಾಲ್ಡಿಹೈಡ್ ಇಲ್ಲವೆಂದು ಮಾರುವ ಬೇರೆ ಕೆಲವು ಲೇಪಗಳಲ್ಲಿ ಗ್ಲೈಆಕ್ಸಿಲಿಕ್ ಆಮ್ಲವಿರುವುದು. ಅಂಥ ಲೇಪವನ್ನು ಹಚ್ಚಿಸಿಕೊಂಡ ಮೂರು ಬಾರಿಯೂ ತರುಣಿಯೊಬ್ಬಳ ಮೂತ್ರಪಿಂಡಗಳು ಕೆಟ್ಟುದನ್ನು ಫ್ರಾನ್ಸಿನ ವೈದ್ಯರು ೨೦೨೪ರಲ್ಲಿ ವರದಿಮಾಡಿದರು. ಪ್ರಾಯಕ್ಕೆ ಬಂದವರು ತಿಳಿದು ಮಾಡಿಸಿಕೊಂಡರೆ ಅದು ಅವರ ಇಚ್ಛೆ. ಆದರೆ ಹತ್ತು ಹನ್ನೆರಡು ವಯಸ್ಸಿನ ಹುಡುಗಿಯನ್ನು, ಅವಳ ಕೂದಲು ಕೆಟ್ಟದೆಂದು ನಂಬಿಸಿ, ಅಂಥ ಕುರ್ಚಿಯಲ್ಲಿ ಕೂರಿಸುವುದನ್ನು ನಾವು ಒಪ್ಪಲಾರೆವು.

ಹಾಗಾದರೆ ಮಾಡತಕ್ಕದ್ದೇನು? ಗುಂಗುರು ಕೂದಲಿಗೆ ಬೇಕಾದುದು ಮುಖ್ಯವಾಗಿ ಎರಡು: ಪಸೆ ಮತ್ತು ತಾಳ್ಮೆ. ನೆತ್ತಿಯಲ್ಲಿ ಹುಟ್ಟುವ ಜಿಡ್ಡು ನೇರವಾದ ಕೂದಲಿನಲ್ಲಿ ತುದಿಯವರೆಗೆ ಸುಲಭವಾಗಿ ಇಳಿಯುವುದು. ಸುರುಳಿಯಲ್ಲಿ ತಿರುವು ತಿರುವಿಗೂ ತಡೆಯುವುದು. ಆದುದರಿಂದ ಬುಡವು ಜಿಡ್ಡಾಗಿದ್ದರೂ ತುದಿಯು ಒಣಗಿರುವುದು. ಇದಕ್ಕೆ ನಮ್ಮ ಕರಾವಳಿಯ ಮನೆಮನೆಯಲ್ಲಿಯೂ ಇರುವ ತೆಂಗಿನೆಣ್ಣೆಯೇ ಒಳ್ಳೆಯ ಮದ್ದು. ಬಹಳ ಎಣ್ಣೆಗಳು ಕೂದಲಿನ ಮೇಲೆಯೇ ನಿಲ್ಲುವುವು. ತೆಂಗಿನೆಣ್ಣೆಯು ಒಳಕ್ಕೂ ಇಳಿಯುವುದು. ಕೂದಲಿನ ಸತ್ವವು ತೊಳೆಯುವಾಗ ಕರಗಿ ಹೋಗುವುದನ್ನು ಅದು ತಡೆಯುವುದೆಂದು ಮುಂಬಯಿಯ ಸಂಶೋಧಕರು ೨೦೦೩ರಲ್ಲಿ ತೋರಿಸಿಕೊಟ್ಟರು. ಮೀಯುವುದಕ್ಕೆ ಒಂದೆರಡು ಗಂಟೆ ಮುಂಚೆ, ಇಲ್ಲವೆ ಹಿಂದಿನ ರಾತ್ರಿ, ತುದಿಗೆ ಹೆಚ್ಚು ಬುಡಕ್ಕೆ ಕಡಿಮೆ ಎಂಬ ಅಳತೆಯಲ್ಲಿ ಹಚ್ಚಬೇಕು. ನೆತ್ತಿಯಲ್ಲಿ ಹೊಟ್ಟು ಇರುವವರು ಮಾತ್ರ ಎಣ್ಣೆಯನ್ನು ಬಹಳ ಹೊತ್ತು ಬಿಡಬಾರದು. ಹೊಟ್ಟಿಗೆ ಕಾರಣವಾದ ಬೂಷ್ಟು ಜಿಡ್ಡನ್ನೇ ತಿಂದು ಬೆಳೆಯುವುದು.

ವಾರಕ್ಕೆ ಒಂದೆರಡು ಸಲ ತಲೆ ಮೀಯುವುದು ಸಾಕು. ಮೈಗೆ ಹಚ್ಚುವ ಸಾಬೂನನ್ನು ತಲೆಗೆ ಹಚ್ಚತಕ್ಕದ್ದಲ್ಲ. ಕೂದಲಿನ ಹೊರಮೈಯಲ್ಲಿ ಮಾಡಿನ ಹಂಚುಗಳಂತೆ ಒಂದರ ಮೇಲೊಂದು ಪೊರೆಗಳು ಕೂತಿರುವುವು. ಸಾಬೂನಿನ ಕ್ಷಾರಕ್ಕೆ ಅವು ಎದ್ದು ನಿಲ್ಲುವುವು, ಆಗ ಒಂದಕ್ಕೊಂದು ತೊಡಕಿ ಸಿಕ್ಕಾಗುವುವು. ಬಾವಿಯ ನೀರು ಗಡಸಾದರೆ ಸಾಬೂನಿನ ಬಿಳಿಯ ಮಡ್ಡಿಯೂ ಅಂಟಿಕೊಳ್ಳುವುದು. ಸೀಗೆಯಲ್ಲಿ ತುಸು ಹುಳಿಯ ಗುಣವಿರುವುದರಿಂದ ಈ ಬಾಧೆಯಿಲ್ಲ. ಆದರೆ ಅದರ ಪುಡಿಯು ಸುರುಳಿಗಳಲ್ಲಿ ಸಿಕ್ಕಿಕೊಳ್ಳುವುದು. ನೆನೆಯಿಸಿ ಕುದಿಸಿ ಬಟ್ಟೆಯಲ್ಲಿ ಸೋಸಿದ ತಿಳಿಯನ್ನು ಬಳಸುವುದು ಮೇಲು. ಶಾಂಪು ಬಳಸುವವರು ಮೃದುವಾದುದನ್ನು ಆರಿಸಿ ನೆತ್ತಿಗೆ ಮಾತ್ರ ಹಚ್ಚಿದರೆ ಸಾಕು. ತೊಳೆಯುವಾಗ ಇಳಿಯುವ ನೊರೆಯೇ ತುದಿಯನ್ನು ಶುಚಿಮಾಡುವುದು. ಬಳಿಕ ಒಂದು ಹಿಡಿ ದಾಸವಾಳದ ಸೊಪ್ಪನ್ನು ನೀರಿನಲ್ಲಿ ಕಿವುಚಿ ಸೋಸಿದ ಲೋಳೆಯನ್ನು ಕೂದಲಿಗೆ ಪೂಸಬೇಕು. ಇದು ಅಂಗಡಿಯ ಕಂಡೀಷನರಿನ ಕೆಲಸವನ್ನೇ ಮಾಡುವುದು. ಹಿತ್ತಿಲಲ್ಲಿ ಗಿಡವಿದ್ದವರಿಗೆ ಕಾಸಿನ ಖರ್ಚಿಲ್ಲ.

ಈ ಲೋಳೆಯು ತಲೆಯಲ್ಲಿರುವಾಗಲೇ ಸಿಕ್ಕು ಬಿಡಿಸಬೇಕು. ಇದು ಎಲ್ಲಕ್ಕಿಂತ ಮುಖ್ಯವಾದ ಮಾತು. ಗುಂಗುರು ಕೂದಲನ್ನು ಒಣಗಿದಾಗ ಬಾಚತಕ್ಕದ್ದಲ್ಲ. ಒದ್ದೆಯಾಗಿ ಜಾರುವಂತಿರುವಾಗ, ಹಲ್ಲುಗಳು ವಿರಳವಾದ ಮರದ ಬಾಚಣಿಗೆಯಿಂದ, ಇಲ್ಲವೆ ಬರಿಯ ಬೆರಳುಗಳಿಂದ, ತುದಿಯಿಂದ ಮೊದಲುಮಾಡಿ ಸ್ವಲ್ಪಸ್ವಲ್ಪವಾಗಿ ಬುಡದ ಕಡೆಗೆ ಏರಬೇಕು. ಬುಡದಿಂದ ಎಳೆದರೆ ಸಿಕ್ಕೆಲ್ಲವೂ ತುದಿಯಲ್ಲಿ ಒಟ್ಟಾಗಿ ಗಂಟು ಬೀಳುವುದು. ತಲೆಯನ್ನು ನಾಲ್ಕು ಪಾಲುಮಾಡಿಕೊಂಡರೆ ಕೆಲಸವು ಹಗುರ. ಈ ಹೊತ್ತಿನಲ್ಲಿ ಹಿಡಿಗೂದಲು ಕೈಗೆ ಬಂದಿತೆಂದು ತಾಯಂದಿರು ಗಾಬರಿಪಡುವುದುಂಟು. ಎಲ್ಲರಿಗೂ ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ. ಗುಂಗುರಿನಲ್ಲಿ ಉದುರಿದ ಕೂದಲು ನೆಲಕ್ಕೆ ಬೀಳದೆ ಅಲ್ಲಿಯೇ ಸಿಕ್ಕಿಕೊಂಡಿದ್ದು ಸ್ನಾನದ ದಿನ ಒಟ್ಟಿಗೆ ಬರುವುದು. ನೆತ್ತಿಯು ಅಲ್ಲಲ್ಲಿ ಬರಿದಾಗಿ ಕಂಡರೆ, ಇಲ್ಲವೆ ಬೈತಲೆಯು ಅಗಲವಾಗುತ್ತ ಬಂದರೆ ಮಾತ್ರ ವೈದ್ಯರಿಗೆ ತೋರಿಸಬೇಕು.

ಒರಟಾದ ಟವೆಲಿನಿಂದ ತಿಕ್ಕುವುದು ಸಲ್ಲದು. ಹಳೆಯ ಹತ್ತಿಯ ಸೀರೆಯ ತುಂಡನ್ನು ಸುತ್ತಿ ನೀರನ್ನು ಹಿಂಡಬೇಕು. ಆಮೇಲೆ ಅಂಗೈಯಲ್ಲಿ ಎರಡು ತೊಟ್ಟು ಎಣ್ಣೆಯನ್ನು ಉಜ್ಜಿ, ಸುರುಳಿಗಳನ್ನು ಕೆಳಗಿನಿಂದ ಮೇಲಕ್ಕೆ ಮುದುರಿದಂತೆ ಒತ್ತಿ, ಮುಟ್ಟದೆ ಆರಲು ಬಿಡಬೇಕು. ಒಣಗುವ ತನಕ ಬೆರಳಾಡಿಸಿದರೆ ಕೆದರುವುದು; ಬಿಟ್ಟರೆ ಸುರುಳಿಯು ತಾನಾಗಿಯೇ ಕಟ್ಟಿಕೊಳ್ಳುವುದು. ಮಳೆಗಾಲದಲ್ಲಿ ಒದ್ದೆಯಿರುವಾಗಲೇ ಜಡೆ ಹೆಣೆದು ಮುಚ್ಚಿಟ್ಟರೆ ಮುಗ್ಗಲು ನಾತವೂ ನೆತ್ತಿಗೆ ತುರಿಕೆಯೂ ಬರುವುದು; ಆದಕಾರಣ ಬೆಳಿಗ್ಗೆಯೇ ಮಿಂದು ಪೂರ್ತಿ ಆರಿಸಿಕೊಳ್ಳಬೇಕು. ಕಡಲಲ್ಲಿ ಮಿಂದು ಬಂದ ಮಕ್ಕಳ ತಲೆಯನ್ನು ಸಿಹಿನೀರಿನಲ್ಲಿ ತೊಳೆಯದೆ ಬಿಡಬಾರದು. ಉಪ್ಪು ಕೂದಲಿನ ಪಸೆಯನ್ನು ಹೀರುವುದು. ರಾತ್ರಿ ಮಲಗುವಾಗ ಸಡಿಲವಾದ ಜಡೆ ಹಾಕಿ ನುಣುಪಾದ ಬಟ್ಟೆಯನ್ನು ಸುತ್ತಿದರೆ ಬೆಳಗಿನ ಸಿಕ್ಕು ಅರ್ಧಕ್ಕರ್ಧ ಕಡಿಮೆಯಾಗುವುದು. ಜಡೆಯು ಎಂದಿಗೂ ಬಿಗಿಯಾಗಿರಬಾರದು. ವರುಷಗಟ್ಟಲೆ ಬಿಗಿದು ಹೆಣೆದರೆ ಹಣೆಯ ಅಂಚಿನ ಕೂದಲು ಬುಡಸಹಿತ ಕಿತ್ತು ಬಂದು, ಆ ಜಾಗವು ಕೊನೆಗೆ ಬೋಳಾಗಿಯೇ ಉಳಿಯಬಹುದು.

ಇಷ್ಟೂ ಕೈಯ ಕೆಲಸ. ಇನ್ನು ಬಾಯಿಯ ಕೆಲಸ. ಮೇಲೆ ಹೇಳಿದ ಸಿದ್ದಿಯರ ಮಾತನ್ನು ಇಲ್ಲಿ ಎತ್ತಬೇಕು. ಇವರ ಪೂರ್ವಜರನ್ನು ಶತಮಾನಗಳ ಹಿಂದೆ ಪೋರ್ತುಗೀಜರೂ ಇತರ ವ್ಯಾಪಾರಿಗಳೂ ಆಫ್ರಿಕಾದ ಪೂರ್ವ ಭಾಗದಿಂದ ದಾಸರನ್ನಾಗಿ ಹಿಡಿದು ತಂದರು. ಗೋವೆಯಿಂದ ತಪ್ಪಿಸಿಕೊಂಡವರು ಘಟ್ಟದ ಕಾಡನ್ನು ಸೇರಿ ಅಂಕೋಲೆ, ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ, ಶಿರಸಿ ತಾಲೂಕುಗಳಲ್ಲಿ ನೆಲೆ ನಿಂತರು. ಅವರಲ್ಲಿ ಹಿಂದುಗಳೂ, ಮುಸಲ್ಮಾನರೂ, ಕ್ರೈಸ್ತರೂ ಇರುವರು. ಅವರ ಮಾತು ಕೊಂಕಣಿ, ಕನ್ನಡ. ೨೦೦೩ರಲ್ಲಿ ಈ ಜಿಲ್ಲೆಯ ಸಿದ್ದಿಯರು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ೨೦೨೦ರಲ್ಲಿ ಶಾಂತಾರಾಮ ಸಿದ್ದಿಯವರು ರಾಜ್ಯದ ವಿಧಾನಪರಿಷತ್ತಿಗೆ ನಾಮಕರಣಗೊಂಡರು. ಆ ಸಮಾಜದಿಂದ ಶಾಸನಮಂಡಲವನ್ನು ಪ್ರವೇಶಿಸಿದವರಲ್ಲಿ ಅವರೇ ಮೊದಲಿಗರು. ಇಷ್ಟು ತಲೆಮಾರು ಈ ನೆಲದಲ್ಲಿ ಬಾಳಿದವರನ್ನು ಪೇಟೆಯ ಬೀದಿಯಲ್ಲಿ ಇಂದಿಗೂ "ನೀವು ಯಾವ ದೇಶದವರು?" ಎಂದು ಕೇಳುವವರುಂಟು. ಹಾಗೆ ಕೇಳುವವರು ಮೊದಲು ನೋಡುವುದು ಮೈಯ ಬಣ್ಣವನ್ನು ಮತ್ತು ಕೂದಲನ್ನು. ನಮ್ಮ ಮಗುವಿಗೆ "ಗುಂಗುರು ಕೂದಲು ಕೆಟ್ಟದು" ಎಂದು ನಾವು ಮನೆಯಲ್ಲಿ ಕಲಿಸಿದರೆ, ಆ ಮಗುವು ಶಾಲೆಯಲ್ಲಿ ಪಕ್ಕದಲ್ಲಿ ಕುಳಿತ ಸಿದ್ದಿಯ ಹುಡುಗಿಯನ್ನು ಯಾವ ಕಣ್ಣಿನಿಂದ ನೋಡುವುದು? ಒಂದು ಮನೆಯ ಹಾಸ್ಯವು ಇನ್ನೊಂದು ಮನೆಯ ಮಗುವಿಗೆ ಗಾಯವಾಗುವುದು ಹೀಗೆ.

ಎರಡು ಜಡೆ ಹಾಕಿ ರಿಬ್ಬನ್ನು ಕಟ್ಟಬೇಕೆಂಬ ನಿಯಮವು ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿದೆ. ಬಿಗಿಯಾದ ಸುರುಳಿಯು ಭುಜದವರೆಗೆ ಇಳಿಯುವುದೇ ಕಷ್ಟ. ಬೆಳೆದಷ್ಟೂ ಸುತ್ತಿಕೊಳ್ಳುವುದರಿಂದ ಇರುವುದಕ್ಕಿಂತ ಗಿಡ್ಡವಾಗಿಯೇ ಕಾಣುವುದು. ಅಂಥ ಮಕ್ಕಳಿಗೆ ಕೂದಲು ಶುಚಿಯಾಗಿ ಒಪ್ಪವಾಗಿರಲೆಂಬ ನಿಯಮವೇ ಸಾಕು. ಅಮೇರಿಕೆಯ ಕ್ಯಾಲಿಫೋರ್ನಿಯಾ ರಾಜ್ಯವು ಹುಟ್ಟುಗೂದಲಿನ ಕಾರಣದಿಂದ ಶಾಲೆಯಲ್ಲಾಗಲಿ ಕೆಲಸದಲ್ಲಾಗಲಿ ಯಾರನ್ನೂ ಕೀಳಾಗಿ ಕಾಣಬಾರದೆಂದು ೨೦೧೯ರಲ್ಲಿ ಕಾನೂನನ್ನೇ ಮಾಡಿತು. ನಮ್ಮಲ್ಲಿ ಇದಕ್ಕೆ ಕಾನೂನು ಬರುವ ತನಕ ಕಾಯಬೇಕಾದುದಿಲ್ಲ. ಉಪಾಧ್ಯಾಯರೂ ಪಾಲಕರೂ ಒಮ್ಮೆ ಕುಳಿತು ಮಾತಾಡಿದರೆ ಆಗುವ ಕೆಲಸವಿದು.

ಲೋಕದ ರೀತಿಯೂ ವಿಚಿತ್ರವಾದುದು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ನೆಸ್ಲರ್ ಎಂಬ ಜರ್ಮನ್ ಕ್ಷೌರಿಕನು ಲಂಡನ್ ನಗರದಲ್ಲಿ, ನೇರ ಕೂದಲಿನ ಹೆಂಗಸರಿಗೆ ಕಾವಿನಿಂದ ಸುರುಳಿಯನ್ನು ಕೂಡಿಸುವ ಯಂತ್ರವನ್ನು ತೋರಿಸಿದನು. ಗಂಟೆಗಟ್ಟಲೆ ಅದರ ಕೆಳಗೆ ಕುಳಿತು ಹಣ ತೆತ್ತವರುಂಟು. ಇದ್ದವರು ಅಳಿಸಲು, ಇಲ್ಲದವರು ಗಳಿಸಲು ಹಣ ಸುರಿಯುತ್ತಲೇ ಬಂದಿರುವರು. ಈ ಓಟದಿಂದ ನಮ್ಮ ಮಕ್ಕಳನ್ನು ಸ್ವಲ್ಪ ಕಾಲವಾದರೂ ದೂರವಿಡುವುದು ಮನೆಯ ಹಿರಿಯರ ಕೈಯಲ್ಲಿದೆ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿನಂತಿ ಇಷ್ಟೇ. ವಾರದಲ್ಲಿ ಒಂದು ದಿನ, ಭಾನುವಾರವಾದರೆ ಒಳ್ಳೆಯದು, ಅರ್ಧ ಗಂಟೆಯನ್ನು ಮಗುವಿನ ತಲೆಗೆಂದು ತೆಗೆದಿಡಿರಿ. ಅವಸರವಿಲ್ಲದ ಆ ಹೊತ್ತಿನಲ್ಲಿ ಎಣ್ಣೆ ಹಚ್ಚಿ, ಮೀಯಿಸಿ, ಸಿಕ್ಕು ಬಿಡಿಸಿರಿ. ಕೆಲಸವನ್ನು ತಾಯಿಯೇ ಮಾಡಬೇಕೆಂಬ ಕಟ್ಟೇನೂ ಇಲ್ಲ. ತಂದೆಯೂ ಕಲಿಯಬಹುದು, ಹತ್ತು ವರ್ಷ ತುಂಬಿದ ಮಗುವು ತಾನೇ ಕಲಿಯಬಹುದು. ಗಂಡುಮಕ್ಕಳಿಗೂ ಇದೇ ಕ್ರಮವು ಸಲ್ಲುವುದು. ಗುಂಗುರು ಇದ್ದ ಮಾತ್ರಕ್ಕೆ ಹುಡುಗನ ತಲೆಯನ್ನು ಸದಾ ಬೋಳಾಗಿಡುವುದು ಬೇಡ. ಕೂದಲಿನ ವಿಷಯವಾಗಿ ಮನೆಗೆ ಬಂದ ನೆಂಟರು ಹಗುರವಾಗಿ ಆಡಿದರೆ, ಮಗುವು ಕೇಳುವಂತೆಯೇ, "ನಮಗೆ ಇದು ಚೆನ್ನಾಗಿಯೇ ಕಾಣುವುದು" ಎಂದು ಶಾಂತವಾಗಿ ಹೇಳಿರಿ. ಎಣ್ಣೆಯ ಗುಣವು ಒಂದು ಸ್ನಾನದವರೆಗೆ ಇರುವುದು. ಈ ಮಾತನ್ನು ಮಗುವು ಬಹುಕಾಲ ನೆನಪಿಟ್ಟುಕೊಳ್ಳುವುದು.